ವರ್ಷಾಂತ್ಯದ ಕಾಣಿಕೆ: ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಾದ ಆಗಮನ ಕಾಲ ಹತ್ತಿರವಾಗುತ್ತಿದ್ದಂತೆ ಸಭಾಪಾಲಕರು, ಖಜಾಂಚಿಗಳು ಮತ್ತು ಕೊಡುವ ಮನಸ್ಸಿದ್ದೂ ಗೊಂದಲದಲ್ಲಿರುವ ವಿಶ್ವಾಸಿಗಳು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಹಲವು ವರ್ಷ ಸಭೆಯ ಲೆಕ್ಕ ಬರೆದವನಿಗೆ ತಿಳಿದ ಮಟ್ಟಿಗೆ ಕೊಟ್ಟ ಉತ್ತರಗಳಿವು. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ಕೇಳುವ ಪ್ರಶ್ನೆಗಳು

“ದೇವರಿಗೆ ಜೂನ್ ಬೇರೆ, ಡಿಸೆಂಬರ್ ಬೇರೆಯೇ? ವರ್ಷದ ಕೊನೆಯಲ್ಲಿಯೇ ಯಾಕೆ ಕೇಳಬೇಕು?”

ದೇವರಿಗೆ ಬೇರೆಯಲ್ಲ, ನಮಗೆ ಬೇರೆ. ವರ್ಷ ಮುಗಿಯುವ ಹೊತ್ತಿಗೆ ಮನುಷ್ಯ ಯಾರೂ ಹೇಳದಿದ್ದರೂ ಹಿಂದಿರುಗಿ ನೋಡುತ್ತಾನೆ. ಕಾಯಿಲೆಯಿಂದ ಎದ್ದದ್ದು, ಕೈಬಿಟ್ಟು ಹೋದ ಕೆಲಸ, ಹುಟ್ಟಿದ ಮಗು, ಮಣ್ಣು ಮಾಡಿ ಬಂದ ಹಿರಿಯರು, ಎಲ್ಲವೂ ನೆನಪಿಗೆ ಬರುತ್ತವೆ. ಆ ನೆನಪಿನಿಂದ ಹುಟ್ಟುವ ಕೃತಜ್ಞತೆಗೆ ಒಂದು ದಾರಿ ತೋರಿಸುವುದಷ್ಟೇ ಸಭೆಯ ಕೆಲಸ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ, ಯೆರೂಸಲೇಮಿನ ಬಡವರಿಗಾಗಿ ನೀವು ಹಿಂದಿನ ವರ್ಷವೇ ಆರಂಭಿಸಿದ್ದನ್ನು ಈಗ ಪೂರೈಸಿರಿ ಎಂದು ನೆನಪಿಸುತ್ತಾನೆ. ಅವನು ಹೊಸ ಬೇಡಿಕೆ ಇಡುತ್ತಿಲ್ಲ, ಅವರೇ ಮನಸ್ಸು ಮಾಡಿದ್ದನ್ನು ಮುಗಿಸಲು ಹೇಳುತ್ತಿದ್ದಾನೆ. ವರ್ಷಾಂತ್ಯದ ಕಾಣಿಕೆಯನ್ನು ಹೀಗೆ ಕಂಡರೆ, ವರ್ಷಾರಂಭದಲ್ಲಿ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಅರ್ಧಕ್ಕೇ ಬಿಟ್ಟದ್ದನ್ನು ಪೂರ್ತಿ ಮಾಡುವ ಅವಕಾಶ ಅದಾಗುತ್ತದೆ.

“ಹಣದ ಮಾತನ್ನು ಬೋಧನಾ ಪೀಠದಿಂದ ಆಡಲು ನನಗೆ ಸಂಕೋಚ. ಸುಮ್ಮನಿದ್ದುಬಿಟ್ಟರೆ ತಪ್ಪೇ?”

ಸಂಕೋಚವಿರುವುದು ಒಳ್ಳೆಯ ಲಕ್ಷಣವೇ. ಆದರೆ ಪೂರ್ತಿ ಮೌನವಾಗಿದ್ದರೆ, ಹಣಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲವೆಂದು ಸಭೆಗೆ ಕಲಿಸಿದಂತಾಗುತ್ತದೆ. ಯೇಸು ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರಿಗೆ ಕುಳಿತು ಜನರು ಹಣ ಹಾಕುವುದನ್ನು ನೋಡುತ್ತಿದ್ದನೆಂದು ಮಾರ್ಕನು ಬರೆದಿದ್ದಾನೆ. ಪೌಲನು ಒಂದು ಪತ್ರಿಕೆಯಲ್ಲಿ ಎರಡು ಇಡೀ ಅಧ್ಯಾಯಗಳನ್ನು ಇದಕ್ಕೇ ಮೀಸಲಿಟ್ಟಿದ್ದಾನೆ. ಸಭಾಪಾಲಕರಿಗೆ ನಿಜವಾಗಿ ಮುಜುಗರ ತರುವುದು ತಮ್ಮ ಸಂಬಳವನ್ನು ತಾವೇ ಕೇಳಿದಂತಾಗುತ್ತದೆ ಎಂಬ ಭಾವನೆ. ಅದಕ್ಕೆ ಸುಲಭವಾದ ಪರಿಹಾರವಿದೆ: ಕೊಡುವಿಕೆಯ ಬಗ್ಗೆ ವಾಕ್ಯ ಏನು ಹೇಳುತ್ತದೆ ಎಂಬುದನ್ನು ಸಭಾಪಾಲಕರು ಬೋಧಿಸಲಿ, ಸಭೆಯ ಅಗತ್ಯಗಳನ್ನು ಹಿರಿಯರೊಬ್ಬರೋ ಖಜಾಂಚಿಯೋ ತಿಳಿಸಲಿ.

“ತಿಂಗಳು ತಿಂಗಳು ದಶಮಾಂಶ ಕೊಡುತ್ತೇನೆ. ವರ್ಷದ ಕೊನೆಗೆ ಮತ್ತೆ ಕೊಡಬೇಕೆ?”

ಕೊಡಲೇಬೇಕೆಂಬ ನಿಯಮವಿಲ್ಲ. ಹಳೆಯ ಒಡಂಬಡಿಕೆಯ ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಆಲಯದ ಸೇವೆ ಮಾಡುತ್ತಿದ್ದ ಲೇವಿಯರ ಜೀವನಕ್ಕೂ, ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಮೂರು ವರ್ಷಕ್ಕೊಮ್ಮೆ ಪರದೇಶಿ, ಅನಾಥ, ವಿಧವೆಯರ ಊಟಕ್ಕೂ ಸಲ್ಲುತ್ತಿತ್ತು. ಅದಲ್ಲದೆ ಸ್ವಂತ ಇಚ್ಛೆಯಿಂದ ತರುವ ಕಾಣಿಕೆಗಳು ಬೇರೆಯೇ ಇದ್ದವು. ಹೊಸ ಒಡಂಬಡಿಕೆಯ ಪತ್ರಿಕೆಗಳಲ್ಲಿ ಪೌಲನು ಹತ್ತರಲ್ಲೊಂದು ಎಂಬ ಅಳತೆಯನ್ನು ಹೇಳುವುದೇ ಇಲ್ಲ. ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಕೊಡಲಿ ಎನ್ನುತ್ತಾನೆ. ದಶಮಾಂಶದ ಬಗ್ಗೆ ಸಭೆಗಳ ಬೋಧನೆ ಒಂದೇ ಬಗೆಯದಲ್ಲ, ನಿಮ್ಮ ಸಭೆಯ ಬೋಧನೆಯನ್ನು ನೀವು ಗೌರವಿಸಿ. ವರ್ಷಾಂತ್ಯದ ಕಾಣಿಕೆ ಮಾತ್ರ ಎಲ್ಲಿಯೂ ಸ್ವಇಚ್ಛೆಯ ಕಾಣಿಕೆಯಾಗಿಯೇ ಉಳಿಯಲಿ. ಕೊಡದವರಿಗೆ ಕಾರಣ ಹೇಳುವ ಅವಸ್ಥೆ ಬರಬಾರದು.

“ನನ್ನ ಬಳಿ ಕೊಡಲು ಏನೂ ಇಲ್ಲ. ಡಿಸೆಂಬರ್ ಬಂತೆಂದರೆ ಆರಾಧನೆಗೆ ಬರಲೇ ಮುಜುಗರವಾಗುತ್ತದೆ.”

ಈ ಮಾತನ್ನು ಪ್ರತಿ ವರ್ಷವೂ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಹೇಳುತ್ತಾರೆ, ಹೇಳದೆ ಉಳಿದವರು ಎಷ್ಟೋ. ಮನಸ್ಸಿದ್ದರೆ ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಅದು ಸ್ವೀಕಾರವಾಗುತ್ತದೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂಬುದು ಪೌಲನ ಸ್ಪಷ್ಟ ಮಾತು. ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗವನ್ನು ನಿಮಗೆ ಯಾರಾದರೂ ಒತ್ತಾಯವಾಗಿ ನೆನಪಿಸಿದ್ದರೆ, ಅದರ ಹಿಂದಿನ ವಚನವನ್ನೂ ಓದಿ. ವಿಧವೆಯರ ಮನೆಗಳನ್ನು ನುಂಗಿಬಿಟ್ಟು ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ ಮರುಕ್ಷಣವೇ ಆ ವಿಧವೆ ಪೆಟ್ಟಿಗೆಯ ಬಳಿ ಬರುತ್ತಾಳೆ. ಆಕೆಯ ಕಥೆಯನ್ನು ಬೋಧಿಸುವ ಸಭೆ, ತನ್ನ ನಡುವಿನ ವಿಧವೆಯರು ಈ ತಿಂಗಳು ಹೇಗೆ ಊಟ ಮಾಡುತ್ತಿದ್ದಾರೆ ಎಂಬುದನ್ನು ಮೊದಲು ವಿಚಾರಿಸಬೇಕು.

ಬನ್ನಿ, ಎಂದಿನಂತೆ ನಿಮ್ಮ ಜಾಗದಲ್ಲಿ ಕುಳಿತುಕೊಳ್ಳಿ. ಕಾಣಿಕೆ ಚೀಲ ಬಂದಾಗ ಪಕ್ಕದವರಿಗೆ ದಾಟಿಸಿದರೆ ಸಾಕು. ಅಡಚಣೆ ದೊಡ್ಡದಿದ್ದರೆ ಹಿರಿಯರಲ್ಲಿ ನೀವು ನಂಬುವ ಒಬ್ಬರಿಗೆ ತಿಳಿಸಿ, ಆ ಚೀಲದೊಳಗಿನ ಹಣ ನಿಮ್ಮಂಥವರಿಗಾಗಿಯೂ ಇದೆ.

“ಸಾಲ ತೀರಿಲ್ಲ, ಅಪ್ಪ ಅಮ್ಮನಿಗೆ ಔಷಧಿ ಬೇಕು. ದೇವರದ್ದನ್ನು ಮೊದಲು ಕೊಟ್ಟುಬಿಡಲೇ?”

ಬೇಡ. ತಂದೆತಾಯಿಗೆ ಸಲ್ಲಬೇಕಾದದ್ದನ್ನು “ದೇವರಿಗೆ ಮೀಸಲು” ಎಂದು ಹೇಳಿ ತಪ್ಪಿಸುವುದನ್ನು ಯೇಸು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕಟುವಾಗಿಯೇ ಖಂಡಿಸಿದ್ದಾನೆ. ಸಾಲ ಕೊಟ್ಟವರಿಗೆ ಹಿಂದಿರುಗಿಸಬೇಕಾದ ಹಣವೂ ನಿಮ್ಮದಲ್ಲ. ಔಷಧಿ ತನ್ನಿ, ಕಂತು ಕಟ್ಟಿ. ಆಮೇಲೂ ಮನಸ್ಸು ಎಳೆದರೆ ಕೈಲಾದಷ್ಟು ಹಾಕಿ.

## ಕೇಳುವ ರೀತಿಯ ಬಗ್ಗೆ

“ಯಾವಾಗ ಶುರು ಮಾಡಬೇಕು? ಎಷ್ಟು ಸಲ ಹೇಳಿದರೆ ಅತಿಯಾಗುವುದಿಲ್ಲ?”

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅದಕ್ಕೂ ಎರಡು ವಾರ ಮುಂಚೆ ಆ ವರ್ಷದ ಜಮಾ-ಖರ್ಚನ್ನು ಸಭೆಯ ಮುಂದಿಡಿ, ಆ ದಿನ ಏನನ್ನೂ ಕೇಳಬೇಡಿ. ಲೆಕ್ಕ ಮೊದಲು, ಕೋರಿಕೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಎಂಥ ಒಳ್ಳೆಯ ಪತ್ರವೂ ಜನರ ಅನುಮಾನವನ್ನು ತೆಗೆಯಲಾರದು. ಆಗಮನ ಕಾಲದ ಮೊದಲ ವಾರ ಪತ್ರ ಕಳುಹಿಸಿ, ಮುಂದಿನ ಭಾನುವಾರಗಳಲ್ಲಿ ಒಂದು ದಿನ ಬೋಧನೆ ಇರಲಿ, ವರ್ಷದ ಕೊನೆಯ ವಾರದಲ್ಲಿ ಎರಡು ಸಾಲಿನ ನೆನಪೋಲೆ ಇರಲಿ. ಇಷ್ಟು ಸಾಕು.

ಕ್ರಿಸ್ಮಸ್ ದಿನದ ಆರಾಧನೆಯಲ್ಲಿ ಸಭೆಯ ಖರ್ಚಿನ ಕೊರತೆಯನ್ನು ಹೇಳಿಕೊಳ್ಳಬಾರದೆಂದು ನಾನು ಬಲವಾಗಿ ನಂಬುತ್ತೇನೆ. ವರ್ಷವಿಡೀ ಬಾರದವರು, ಬೇರೆ ನಂಬಿಕೆಯ ನೆರೆಯವರು, ಎಷ್ಟೋ ಕಾಲದ ಮೇಲೆ ಧೈರ್ಯ ಮಾಡಿ ಒಳಗೆ ಕಾಲಿಟ್ಟವರು ಅಂದು ಬಂದಿರುತ್ತಾರೆ, ಅವರು ಕೇಳುವ ಮೊದಲ ಮಾತು ಹಣದ್ದಾಗಬಾರದು. ಅಂದಿನ ಕಾಣಿಕೆಯನ್ನು ಪೂರ್ತಿಯಾಗಿ ಸಭೆಯ ಹೊರಗಿನ ಬಡವರಿಗೆ ಕೊಟ್ಟುಬಿಡುವ ಸಭೆಗಳಿವೆ. ಆ ಪದ್ಧತಿ ನನಗೆ ತುಂಬ ಹಿಡಿಸಿದೆ.

“ಪತ್ರದಲ್ಲಿ ಏನು ಬರೆಯಬೇಕು? ಪ್ರತಿ ವರ್ಷ ಅದೇ ಒಕ್ಕಣೆ ಆಗಿಬಿಡುತ್ತದೆ.”

“ನಮ್ಮ ಸೇವಾಕಾರ್ಯಗಳು ನಿರಾತಂಕವಾಗಿ ಮುಂದುವರಿಯಲು ತಾವು ಧಾರಾಳವಾಗಿ ಸಹಕರಿಸಬೇಕೆಂದು ಕೋರುತ್ತೇವೆ” ಎಂಬ ವಾಕ್ಯವನ್ನು ಓದಿದವರಿಗೆ ಏನೂ ಕಾಣುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: “ಈ ವರ್ಷ ನಿಮ್ಮ ಕಾಣಿಕೆಯಿಂದ ಮೂವರು ಮಕ್ಕಳ ಶಾಲಾ ಶುಲ್ಕ ಕಟ್ಟಿದೆವು. ಆಸ್ಪತ್ರೆಯಿಂದ ಮರಳಿದ ಒಬ್ಬ ಹಿರಿಯರ ಮನೆಗೆ ನಲವತ್ತು ದಿನ ಊಟ ತಲುಪಿಸಿದೆವು. ಸಂಡೇ ಸ್ಕೂಲ್ ಕೋಣೆಯ ಮಾಡು ಸೋರುವುದನ್ನು ಸರಿಪಡಿಸುತ್ತೇವೆಂದು ಹೋದ ವರ್ಷ ಹೇಳಿದ್ದೆವು, ಆಗಲಿಲ್ಲ. ಮಳೆ ಬಂದಾಗ ಮಕ್ಕಳು ಇನ್ನೂ ಬೆಂಚನ್ನು ಗೋಡೆಯ ಕಡೆಗೆ ಎಳೆದುಕೊಂಡೇ ಕೂರುತ್ತಾರೆ. ಅದಕ್ಕೆ ಇಷ್ಟು ಬೇಕು.” ಆ ಬೆಂಚನ್ನು ಎಳೆಯುವ ಸದ್ದು ಓದುವವರ ಕಿವಿಗೆ ಬಿದ್ದರೆ, ಪತ್ರ ಮಾಡಬೇಕಾದ ಕೆಲಸ ಮುಗಿಯಿತು.

ಮೊದಲು ವಂದನೆ, ಆಮೇಲೆ ಆದ ಕೆಲಸ, ಆಗದೆ ಉಳಿದ ಕೆಲಸ, ಬೇಕಾದ ಮೊತ್ತ, ಕೊಡುವ ವಿಧಾನ, ಕೊನೆಗೆ ಒತ್ತಾಯವಿಲ್ಲ ಎಂಬ ಒಂದು ಸಾಲು. ಆಗದೆ ಉಳಿದದ್ದನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಜನರಲ್ಲಿ ನಂಬಿಕೆ ಹುಟ್ಟಿಸುವುದು ಆ ಭಾಗವೇ. ಒಂದು ಪುಟ ಮೀರದಿರಲಿ, ಸಹಿ ಕೈಬರಹದ್ದಿರಲಿ. ಸಹಾಯ ಪಡೆದವರ ಹೆಸರು, ಭಾವಚಿತ್ರ ಯಾವ ಕಾರಣಕ್ಕೂ ಬೇಡ. ಚಿಕ್ಕ ಸಭೆಯಲ್ಲಿ “ಒಬ್ಬ ಹಿರಿಯರು” ಎಂದರೂ ಯಾರೆಂದು ಗೊತ್ತಾಗುವಂತಿದ್ದರೆ ಮೊದಲು ಅವರ ಒಪ್ಪಿಗೆ ಕೇಳಿ.

“ಕೊಟ್ಟರೆ ದೇವರು ಇಮ್ಮಡಿಯಾಗಿ ಕೊಡುತ್ತಾನೆ ಎಂದರೆ ಜನ ಬೇಗ ಕೊಡುತ್ತಾರೆ. ಮಲಾಕಿಯನೂ ಹಾಗೇ ಹೇಳಿದ್ದಾನಲ್ಲ?”

ಮಲಾಕಿಯ 3:10ರಲ್ಲಿ ಆಶೀರ್ವಾದದ ಮಾತಿದೆ ನಿಜ. ಅದೇ ವಚನದಲ್ಲಿ ದಶಮಾಂಶವನ್ನು ಭಂಡಾರಕ್ಕೆ ತರುವ ಉದ್ದೇಶವೂ ಇದೆ: ದೇವರ ಆಲಯದಲ್ಲಿ ಆಹಾರವಿರಬೇಕು. ಕುರುಡು, ಕುಂಟು ಪಶುಗಳನ್ನು ಬಲಿಗೆ ತಂದ ಯಾಜಕರನ್ನು ಆ ಪುಸ್ತಕದ ಮೊದಲ ಅಧ್ಯಾಯ ತರಾಟೆಗೆ ತೆಗೆದುಕೊಳ್ಳುತ್ತದೆ, ಅಂದರೆ ಪ್ರವಾದಿಯ ಬೆರಳು ಕೊಡುವವರ ಕಡೆಗಿಂತ ಮೊದಲು ಪಡೆಯುವವರ ಕಡೆಗೇ ತೋರಿದೆ. ಒಂದು ಇಡೀ ಜನಾಂಗಕ್ಕೆ ಹೇಳಿದ ಮಾತನ್ನು ಒಬ್ಬೊಬ್ಬರ ಬ್ಯಾಂಕ್ ಖಾತೆಗೆ ಕೊಟ್ಟ ಭರವಸೆಯಂತೆ ಬೋಧಿಸುವುದು ವಾಕ್ಯಕ್ಕೆ ಮಾಡುವ ಅನ್ಯಾಯ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದು ಧಾರಾಳವಾಗಿ ಕೊಟ್ಟವು. ಆಮೇಲೆ ಅವರು ಸಿರಿವಂತರಾದರೆಂದು ಪೌಲನು ಎಲ್ಲಿಯೂ ಹೇಳಿಲ್ಲ.

ಇದರ ನೋವು ಕಾಣಿಸುವುದು ಜನವರಿಯಲ್ಲಿ. ಇಮ್ಮಡಿಯಾಗುತ್ತದೆಂದು ನಂಬಿ ಕೊಟ್ಟವನ ಕೆಲಸ ಹೋಗುತ್ತದೆ, ಇಲ್ಲವೇ ಮನೆಯಲ್ಲಿ ಯಾರೋ ಹಾಸಿಗೆ ಹಿಡಿಯುತ್ತಾರೆ. ಆಗ ಅವನು ನಿಮ್ಮನ್ನು ಕೇಳುವುದಿಲ್ಲ. ನನ್ನ ವಿಶ್ವಾಸದಲ್ಲೇ ಕೊರತೆಯಿತ್ತು ಎಂದು ತನ್ನನ್ನೇ ಶಿಕ್ಷಿಸಿಕೊಳ್ಳುತ್ತಾನೆ.

“ಕೊಟ್ಟವರ ಹೆಸರು ಓದಿದರೆ ಉಳಿದವರಿಗೂ ಹುರುಪು ಬರುವುದಿಲ್ಲವೇ?”

ಕೆಲವರಿಗೆ ಬರುತ್ತದೆ. ಅದರ ಬೆಲೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವರ್ಷ ಸಭೆಯಲ್ಲಿ ಕಾಣಿಕೆಯ ಮೊತ್ತದ ಕ್ರಮದಲ್ಲಿ ಹೆಸರುಗಳನ್ನು ಓದಿಸಿದರು, ಪಟ್ಟಿ ಬರೆದುಕೊಟ್ಟವನು ನಾನೇ. ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದ ಒಬ್ಬ ತಾಯಿಯ ಹೆಸರು ಕೊನೆಯದಾಗಿತ್ತು. ಆಕೆ ಪ್ರತಿ ವಾರ ಒಂದು ನೋಟನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಮಡಚಿ ಹಾಕುತ್ತಿದ್ದರು. ಎಣಿಸುವಾಗ ಆ ಮಡಿಕೆಯನ್ನು ಬಿಡಿಸಲು ಉಗುರು ಹಾಕಬೇಕಾಗುತ್ತಿತ್ತು, ಆದ್ದರಿಂದ ಅದು ಯಾರದೆಂದು ನಮಗೆಲ್ಲ ಗೊತ್ತಿತ್ತು. ಆ ಭಾನುವಾರದ ನಂತರ ಮೇಜಿನ ಮೇಲೆ ಆ ಮಡಿಕೆ ಕಾಣಲಿಲ್ಲ. ಆಕೆ ಹಿಂದಿನ ಬೆಂಚಿಗೆ ಹೋದರು, ಆಮೇಲೆ ಕಾಣಿಕೆಯ ಹಾಡಿಗೆ ಮುಂಚೆಯೇ ಎದ್ದು ಹೋಗತೊಡಗಿದರು. ಅದಾದ ಮೇಲೆ ನಾನು ಅಂಥ ಪಟ್ಟಿಯನ್ನು ಬರೆದಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಹೊಲ ಮಾರಿ ಹಣ ತಂದ ಬಾರ್ನಬನ ಹೆಸರಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಅದರ ಬೆನ್ನಿಗೇ, ಅಂಥದೇ ಗೌರವವನ್ನು ಬಯಸಿ ಸುಳ್ಳು ಹೇಳಿದ ಅನನೀಯ ಮತ್ತು ಸಪ್ಫೈರಳ ಪ್ರಸಂಗವೂ ಇದೆ. ಒಟ್ಟು ಎಷ್ಟು ಬಂತೆಂದು ಓದಿ, ಎಷ್ಟು ಮನೆಗಳಿಂದ ಬಂತೆಂದೂ ಹೇಳಿ. ಹೆಸರು ರಸೀದಿಯಲ್ಲಿರಲಿ.

“ಮಕ್ಕಳನ್ನು ಇದರಲ್ಲಿ ಹೇಗೆ ಸೇರಿಸಿಕೊಳ್ಳುವುದು?”

ಅಪ್ಪ ಅಮ್ಮ ಕೈಗಿಟ್ಟ ನಾಣ್ಯವನ್ನು ಚೀಲಕ್ಕೆ ಹಾಕುವ ಮಗು ಕೊಡುವುದನ್ನು ಕಲಿಯುವುದಿಲ್ಲ, ಹಾಕುವುದನ್ನು ಕಲಿಯುತ್ತದೆ. ತನ್ನದೇ ಆದದ್ದರಲ್ಲಿ ಒಂದು ಪಾಲನ್ನು, ಅದು ಆಟಿಕೆಯಾದರೂ ಸರಿ, ಯಾರಿಗೆ ಕೊಡಬೇಕೆಂದು ತಾನೇ ಆರಿಸಲಿ. ಯಾವ ಮಗು ಎಷ್ಟು ತಂದಿತು ಎಂಬ ಹೋಲಿಕೆ ಸಂಡೇ ಸ್ಕೂಲಿನಲ್ಲಿ ಖಂಡಿತ ಬೇಡ.

## ಲೆಕ್ಕಪತ್ರದ ಬಗ್ಗೆ

“ನಮ್ಮದು ಚಿಕ್ಕ ಸಭೆ, ಎಲ್ಲರೂ ನಂಬಿಕಸ್ತರು. ಕಾಣಿಕೆ ಎಣಿಸಲು ಖಜಾಂಚಿ ಒಬ್ಬರೇ ಸಾಲದೇ?”

ಸಾಲದು, ಅದೂ ಖಜಾಂಚಿಯ ಹಿತಕ್ಕಾಗಿಯೇ. ಅರಸುಗಳ ಎರಡನೆಯ ಪುಸ್ತಕದ 12ನೇ ಅಧ್ಯಾಯದಲ್ಲಿ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಪಕ್ಕದಲ್ಲಿಡುತ್ತಾನೆ. ಅದು ತುಂಬಿದಾಗ ಅರಸನ ಲೇಖಕ ಮತ್ತು ಮಹಾಯಾಜಕ ಇಬ್ಬರೂ ಬಂದು ಹಣ ಎಣಿಸಿ ಚೀಲ ಕಟ್ಟುತ್ತಾರೆ. ಒಬ್ಬ ಅರಮನೆಯವನು, ಇನ್ನೊಬ್ಬ ಆಲಯದವನು. ಪೌಲನೂ ಯೆರೂಸಲೇಮಿನ ಕಾಣಿಕೆಗಾಗಿ ತನ್ನ ಜೊತೆಗೆಲಸದವನಾದ ತೀತನ ಜೊತೆ ಸಭೆಗಳ ಒಪ್ಪಿಗೆ ಪಡೆದ ಸಹೋದರರನ್ನು ಕಳುಹಿಸುತ್ತಾನೆ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದೆಂದು ಕಾರಣವನ್ನೂ ಹೇಳುತ್ತಾನೆ.

ಆದ್ದರಿಂದ ಒಂದೇ ಮನೆಯವರಲ್ಲದ ಇಬ್ಬರು ಸೇರಿಯೇ ಚೀಲ ಬಿಚ್ಚಲಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಲಿ. ಮುಖಬೆಲೆಯ ಪ್ರಕಾರ ಪೆನ್ನಿನಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಣ ಮುಂದಿನ ಕೆಲಸದ ದಿನವೇ ಬ್ಯಾಂಕಿಗೆ ಹೋಗಲಿ. ಎಣಿಸಿದವರೇ ಬ್ಯಾಂಕ್ ಪಾಸ್‌ಬುಕ್ಕನ್ನು ತಾಳೆ ನೋಡುವುದು ಬೇಡ. ಮೊಬೈಲ್ ಮೂಲಕ ಬರುವ ಹಣ ಸಭೆಯ ಹೆಸರಿನ ಖಾತೆಗೇ ಬೀಳಬೇಕು, ಯಾರೊಬ್ಬರ ಸ್ವಂತ ಖಾತೆಗೂ ಅಲ್ಲ, ಒಂದು ದಿನದ ಮಟ್ಟಿಗೂ ಅಲ್ಲ. ಈ ನಿಯಮಗಳೆಲ್ಲ ಸಡಿಲವಾಗುವುದು ಕ್ರಿಸ್ಮಸ್ ವಾರದಲ್ಲಿಯೇ. ಎಲ್ಲರಿಗೂ ಮನೆ ಸೇರುವ ಅವಸರ, “ನಾಳೆ ಎಣಿಸೋಣ” ಎಂದು ಚೀಲವನ್ನು ಬೀರುವಿನಲ್ಲಿಟ್ಟು ಹೊರಟುಬಿಡುತ್ತಾರೆ. ಆ ವಾರದ ಸರದಿ ಯಾರದೆಂದು ನವೆಂಬರಿನಲ್ಲಿಯೇ ಗೊತ್ತುಮಾಡಿ.

“ಕಟ್ಟಡಕ್ಕೆಂದು ಕೊಟ್ಟ ಹಣ ಉಳಿದಿದೆ, ವಿದ್ಯುತ್ ಬಿಲ್ ಬಾಕಿ ಇದೆ. ಬಳಸಿಕೊಳ್ಳಬಹುದೇ?”

ಕೊಟ್ಟವರನ್ನು ಕೇಳದೆ ಬಳಸಬಾರದು. ಅನೇಕ ದೇಶಗಳಲ್ಲಿ ಕಾನೂನೂ ಇದನ್ನು ಒಪ್ಪುವುದಿಲ್ಲ. “ಬೇಕಾದುದಕ್ಕಿಂತ ಹೆಚ್ಚು ಬಂದರೆ ಉಳಿದದ್ದನ್ನು ಈ ಕೆಲಸಕ್ಕೆ ಬಳಸುತ್ತೇವೆ” ಎಂಬ ಒಂದು ವಾಕ್ಯವನ್ನು ಪತ್ರದಲ್ಲಿ ಮೊದಲೇ ಸೇರಿಸಿದರೆ ಮುಂದಿನ ವರ್ಷ ಈ ಇಕ್ಕಟ್ಟು ಬರುವುದಿಲ್ಲ.

“ಡಿಸೆಂಬರ್ 31ರೊಳಗೆ ಕೊಟ್ಟರೆ ಮಾತ್ರ ತೆರಿಗೆ ರಿಯಾಯಿತಿ ಎನ್ನುತ್ತಾರೆ, ನಿಜವೇ?”

ನಿಮ್ಮ ದೇಶವನ್ನು ಅವಲಂಬಿಸಿದೆ. ಅಮೆರಿಕದಲ್ಲಿ ವ್ಯಕ್ತಿಗಳ ತೆರಿಗೆ ವರ್ಷ ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಭಾರತದಲ್ಲಿ ಮಾರ್ಚ್ 31ಕ್ಕೆ, ಬ್ರಿಟನ್ನಿನಲ್ಲಿ ಏಪ್ರಿಲ್ 5ಕ್ಕೆ. ಸಭೆಗೆ ಕೊಟ್ಟ ಹಣಕ್ಕೆ ರಿಯಾಯಿತಿ ಇದೆಯೇ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ, ಲೆಕ್ಕ ತಜ್ಞರನ್ನು ಕೇಳಿಯೇ ಪತ್ರದಲ್ಲಿ ಬರೆಯಿರಿ. ತೆರಿಗೆಯ ವಿಷಯ ಪತ್ರದ ಕೊನೆಯ ಸಾಲಾಗಿರಲಿ, ಮೊದಲ ಸಾಲಲ್ಲ.

“ಡಿಸೆಂಬರ್ ಕಾಣಿಕೆ ಬಾರದಿದ್ದರೆ ನಮ್ಮ ವರ್ಷದ ಬಜೆಟ್ಟೇ ಕುಸಿಯುತ್ತದೆ. ಏನು ಮಾಡುವುದು?”

ಹಾಗಿದ್ದರೆ ತೊಂದರೆಯಿರುವುದು ಉಳಿದ ಹನ್ನೊಂದು ತಿಂಗಳುಗಳಲ್ಲಿ. ನಾನು ಬಂದಾಗ ಹಣ ಕೂಡಿಸುವ ಗಡಿಬಿಡಿ ಬೇಡ, ವಾರದ ಮೊದಲ ದಿನ ಪ್ರತಿಯೊಬ್ಬನೂ ಸ್ವಲ್ಪ ಎತ್ತಿಡಲಿ ಎಂದು ಪೌಲನು ಕೊರಿಂಥದವರಿಗೆ ಮೊದಲ ಪತ್ರಿಕೆಯಲ್ಲಿಯೇ ಸೂಚಿಸಿದ್ದ. ಎರಡನೆಯ ಶತಮಾನದ ನಡುವೆ ರೋಮಿನಲ್ಲಿದ್ದ ಹುತಾತ್ಮ ಜಸ್ಟಿನ್, ಭಾನುವಾರದ ಆರಾಧನೆಯಲ್ಲಿ ಇಷ್ಟವಿದ್ದವರು ತಮಗೆ ತೋಚಿದಷ್ಟು ಕೊಡುತ್ತಿದ್ದರು, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರದೇಶಿಗಳನ್ನು ನೋಡಿಕೊಳ್ಳುತ್ತಿದ್ದರು ಎಂದು ದಾಖಲಿಸಿದ್ದಾನೆ. ಸುಮಾರು 197ರಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ತಿಂಗಳಿಗೊಮ್ಮೆ ಒತ್ತಾಯವಿಲ್ಲದೆ ಹಾಕುವ ಕಾಣಿಕೆಯನ್ನು ವರ್ಣಿಸುತ್ತಾನೆ. ಹಳೆಯ ಸಭೆ ಉಳಿದು ಬಂದದ್ದು ಇಂಥ ಸಣ್ಣ, ತಪ್ಪದ ಕೊಡುಗೆಗಳಿಂದ.

ಸಂಬಳ, ಬಾಡಿಗೆ, ವಿದ್ಯುತ್ತಿನಂಥ ತಪ್ಪಿಸಲಾಗದ ಖರ್ಚುಗಳನ್ನು ಜನವರಿಯಿಂದ ನವೆಂಬರಿನವರೆಗಿನ ಸರಾಸರಿ ಕಾಣಿಕೆಯೊಳಗೆ ಹೊಂದಿಸಲು ಯತ್ನಿಸಿ. ವರ್ಷಾಂತ್ಯದ ಹಣವನ್ನು ದುರಸ್ತಿ, ಆಪತ್ಕಾಲದ ನಿಧಿ, ಹೊರಗಿನವರ ಸಹಾಯದಂಥ ಕೆಲಸಗಳಿಗೆ ಇಟ್ಟುಕೊಳ್ಳಿ. ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ, ಮೂರು ವರ್ಷ ಹಿಡಿಯಬಹುದು.

## ಕಠಿಣ ಪ್ರಶ್ನೆಗಳು

“ಒಬ್ಬರು ದೊಡ್ಡ ಮೊತ್ತ ಕೊಡಲು ಸಿದ್ಧರಿದ್ದಾರೆ, ಆದರೆ ಸಮಿತಿಯಲ್ಲಿ ತಮ್ಮ ಮಾತು ನಡೆಯಬೇಕೆನ್ನುತ್ತಾರೆ.”

ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವುದು ಬೇರೆ, ಸಭೆ ಹೇಗೆ ನಡೆಯಬೇಕೆಂದು ಹಣದಿಂದ ಹೇಳಿಸುವುದು ಬೇರೆ. ಮೊದಲನೆಯದು ಕೊಡುವವರ ಹಕ್ಕು. ಎರಡನೆಯದನ್ನು ಒಪ್ಪಿಕೊಂಡರೆ, ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ಕಾಲಬಳಿ ಕೂರಿಸುವ ಸಭೆಯ ಬಗ್ಗೆ ಯಾಕೋಬನು ತನ್ನ ಪತ್ರಿಕೆಯಲ್ಲಿ ಹೇಳಿದ್ದು ನಮಗೇ ಅನ್ವಯಿಸುತ್ತದೆ. ಸಭಾಪಾಲಕರು ಒಬ್ಬರೇ ಹೋಗಿ ಮಾತನಾಡಬಾರದು, ಇಬ್ಬರು ಹಿರಿಯರೊಂದಿಗೆ ಅವರ ಮನೆಗೆ ಹೋಗಿ ಗೌರವದಿಂದ, ಸ್ಪಷ್ಟವಾಗಿ ಹೇಳಲಿ. ಅವರು ಹಣವನ್ನು ಹಿಂದೆಗೆದುಕೊಳ್ಳಬಹುದು. ಮುಂದಿನ ಭಾನುವಾರ ಅವರನ್ನು ಎಂದಿನಂತೆಯೇ ಕೈಹಿಡಿದು ಬರಮಾಡಿಕೊಳ್ಳಿ.

“ಹಿಂದೆ ನಮ್ಮ ಸಭೆಯಲ್ಲಿ ಹಣ ದುರುಪಯೋಗವಾಗಿದೆ. ಈಗ ಯಾವ ಮುಖ ಹೊತ್ತು ಕೇಳುವುದು?”

ಈ ವರ್ಷ ಕೇಳಬೇಡಿ. ಹೊರಗಿನ ಲೆಕ್ಕಪರಿಶೋಧಕರಿಂದ ಲೆಕ್ಕ ಪರೀಕ್ಷೆ ಮಾಡಿಸಿ, ಅವರು ಬರೆದದ್ದನ್ನು ಸಭೆಯ ಮುಂದೆ ಪೂರ್ತಿಯಾಗಿ ಓದಿ, ಎಷ್ಟು ಹೋಯಿತು, ಎಷ್ಟು ಮರಳಿ ಬಂತು, ಇನ್ನು ಮುಂದೆ ಯಾವ ಕ್ರಮ ಎಂದು ತಿಳಿಸಿ. ಕಾನೂನಿನ ಪ್ರಕಾರ ದೂರು ಕೊಡಬೇಕಾದದ್ದಿದ್ದರೆ ಕೊಡಿ, “ಸಭೆಯ ಮಾನ” ಎಂದು ಮುಚ್ಚಿಟ್ಟದ್ದೇ ಸಾಮಾನ್ಯವಾಗಿ ಎರಡನೆಯ ಗಾಯವಾಗುತ್ತದೆ. ಸುಂಕ ವಸೂಲಿಗಾರ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಕ್ಷಮೆ ಕೇಳುವುದರ ಜೊತೆಗೆ ಹಿಂದಿರುಗಿಸುವುದೂ ಇರಬೇಕು. ಯೇಸುವಿನ ಶಿಷ್ಯರ ಹಣದ ಚೀಲವೂ ಒಬ್ಬ ಕಳ್ಳನ ಕೈಯಲ್ಲಿತ್ತೆಂದು ಯೋಹಾನನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅಷ್ಟೇ ನೇರವಾಗಿ ನಾವೂ ಹೇಳಬಹುದು. ಜನರು ನಿಧಾನವಾಗಿ ಮರಳುತ್ತಾರೆ, ಕೆಲವರು ಮರಳುವುದಿಲ್ಲ, ಅವರನ್ನು ದೂರಬೇಡಿ.

“ಬೇಕಾದುದಕ್ಕಿಂತ ಹೆಚ್ಚು ಬಂದುಬಿಟ್ಟರೆ?”

ಇದನ್ನು ಕೇಳುವವರು ಕಡಿಮೆ, ಆದರೂ ನನಗೆ ಬಹಳ ಪ್ರಿಯವಾದ ಪ್ರಶ್ನೆ. ವಿಮೋಚನಕಾಂಡದ 36ನೇ ಅಧ್ಯಾಯದಲ್ಲಿ ದೇವರ ಆರಾಧನೆಯ ಗುಡಾರದ ಕೆಲಸ ಮಾಡುತ್ತಿದ್ದ ಕುಶಲಕರ್ಮಿಗಳು ಕೆಲಸ ನಿಲ್ಲಿಸಿ ಮೋಶೆಯ ಬಳಿ ಬರುತ್ತಾರೆ. ಬೇಕಾದುದಕ್ಕಿಂತ ಹೆಚ್ಚನ್ನು ಜನರು ತರುತ್ತಿದ್ದಾರೆ ಎನ್ನುತ್ತಾರೆ. ಇನ್ನು ಯಾರೂ ಏನನ್ನೂ ತರಬಾರದೆಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸುತ್ತಾನೆ. ತಂದಿದ್ದನ್ನು ಪಡೆದು ಕೆಲಸ ಮಾಡುತ್ತಿದ್ದವರೇ ಸಾಕು ಎಂದು ಮೊದಲು ಹೇಳಿದರೆಂಬುದನ್ನು ಗಮನಿಸಿ.

ನಿಮ್ಮ ಖಜಾಂಚಿಗೂ ಹಾಗೆ ಹೇಳುವ ಅಧಿಕಾರವನ್ನು ಸಮಿತಿಯ ನಿರ್ಣಯದಲ್ಲಿಯೇ ಬರೆದುಕೊಡಿ. ಗುರಿ ಮುಟ್ಟಿದ ಭಾನುವಾರವೇ ಪ್ರಕಟಿಸಿ: ಮಾಡಿನ ದುರಸ್ತಿಗೆ ಬೇಕಾದಷ್ಟು ಬಂದಿದೆ, ಇನ್ನು ಮುಂದೆ ಬರುವುದು ಪತ್ರದಲ್ಲಿ ತಿಳಿಸಿದಂತೆ ಬಡ ಮಕ್ಕಳ ಶುಲ್ಕಕ್ಕೆ ಹೋಗುತ್ತದೆ, ಅದಕ್ಕೆ ಮನಸ್ಸಿಲ್ಲದವರು ಲಕೋಟೆಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಆಮೇಲೆ ದುರಸ್ತಿ ಮುಗಿದ ದಿನ ಮಕ್ಕಳನ್ನು ಆ ಕೋಣೆಗೆ ಕರೆದು, ಬೆಂಚುಗಳನ್ನು ಮತ್ತೆ ನಡುವಿಗೆ ಎಳೆದು ಹಾಕಲು ಹೇಳಿ.